ಬಲಕ್ಕೆ ವಾಲಿದ ವ್ಯಾನು

ಆಗಸ್ಟ್ 5, ಸೋಮವಾರ

ಇವತ್ತು ಅಂಗಡಿಯ ಬೀಗದ ಕೈ ಮಾಲೀಕರಿಗೆ ಕೊಟ್ಟು ಬಂದೆ. ಇಪ್ಪತ್ತಾರು ವರ್ಷ ರಾಜಾಜಿನಗರದ ಆ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತು ಹೊಲಿಗೆ ಯಂತ್ರ ರಿಪೇರಿ ಮಾಡಿದ್ದೇನೆ. ಕಟ್ಟಡ ಕೆಡವಿ ಐದು ಅಂತಸ್ತು ಎಬ್ಬಿಸುತ್ತಾರಂತೆ. ಹೊಸದರಲ್ಲಿ ಮೆಟ್ಟಿಲ ಕೆಳಗೆ ಲಿಫ್ಟಿನ ಮೋಟಾರು ಬರುತ್ತದೆ ಅಂಕಲ್ ಎಂದು ಮಾಲೀಕರ ಮಗ ನಗುತ್ತ ಹೇಳಿದ. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ?

ದಿನಚರಿ ಬರೆಯುವ ಚಾಳಿ ನನಗಿಲ್ಲ. ಯಾರ ಯಂತ್ರ, ಏನು ಕೆಟ್ಟಿದೆ ಎಂದು ಗುರುತು ಹಾಕಿಕೊಳ್ಳುತ್ತಿದ್ದ ಅಂಗಡಿಯ ನೋಟ್‌ಬುಕ್ಕು ಅರ್ಧ ಖಾಲಿ ಉಳಿದಿತ್ತು. ಹಾಳೆ ದಂಡವಾಗಬಾರದೆಂದು ಬರೆಯುತ್ತಿದ್ದೇನೆ. ನನ್ನ ಹೆಂಡತಿ ಜಯದೇವಿ ಇದನ್ನು ಓದುವುದಿಲ್ಲ. ಅವಳಿಗೆ ನನ್ನ ಅಕ್ಷರ ಕೋಳಿ ಕೆದಕಿದ ಹಾಗೆ ಕಾಣುತ್ತದಂತೆ.

ನನಗೆ ಐವತ್ತೆಂಟು. ಈ ವಯಸ್ಸಿನಲ್ಲಿ ಇನ್ನೊಬ್ಬರ ಅಂಗಡಿಯ ಮುಂದೆ ಕೈ ಕಟ್ಟಿ ನಿಲ್ಲಲಾರೆ. ಕೆಟ್ಟ ಯಂತ್ರವನ್ನು ಕೂಡಿಸಿ ಓಡಿಸುವುದು ಬಿಟ್ಟರೆ ಬೇರೇನೂ ನನಗೆ ಬರುವುದಿಲ್ಲ. ಅದು ನಿಂತ ದಿನ ಲಿಂಗಪ್ಪ ಎಂಬುವನು ಇದ್ದೂ ಇಲ್ಲದ ಹಾಗೆ. ನನ್ನ ಗಿರಾಕಿಗಳೆಲ್ಲ ಮನೆಯಲ್ಲಿ ಹೊಲಿಯುವ ಹೆಂಗಸರು, ಯಂತ್ರ ಹೊತ್ತು ತರಲಾರದವರು. ಅಂಗಡಿಯೇ ಅವರ ಬಾಗಿಲಿಗೆ ಹೋದರೆ? ಒಂದು ಹಳೇ ಓಮ್ನಿ ವ್ಯಾನು ನೋಡಿಟ್ಟಿದ್ದೇನೆ. ಜಯದೇವಿಗೆ ಹೇಳಿದೆ.

"ಗಾಡಿ ಓಡ್ಸೋಕೆ ಇನ್ನೂ ಬರುತ್ತೇನ್ರೀ ನಿಮ್ಗೆ?" ಎಂದಳು.

ನಾಲ್ಕು ವರ್ಷ ಗಾರ್ಮೆಂಟ್ಸಿನ ವ್ಯಾನು ಓಡಿಸಿದವನಿಗೆ ಕೇಳುವ ಪ್ರಶ್ನೆಯೇ ಇದು!

ಆಗಸ್ಟ್ 11, ಭಾನುವಾರ

ವ್ಯಾನು ಬಂತು. ಹಿಂದೆ ಹೂವಿನವರ ಹತ್ತಿರ ಇತ್ತಂತೆ, ಒಳಗೆ ಇನ್ನೂ ಸೇವಂತಿಗೆಯ ವಾಸನೆ. ಹೇರೋಹಳ್ಳಿಯ ಕಿಟ್ಟಿಯ ವೆಲ್ಡಿಂಗ್ ಶೆಡ್ಡಿಗೆ ತೆಗೆದುಕೊಂಡು ಹೋದೆ. ಕಿಟ್ಟಿ ಆಟೋ, ಗೂಡ್ಸ್ ಗಾಡಿಗಳಿಗೆ ಒಳಗಿನ ಕೆಲಸ ಮಾಡುವವನು. ಮಾತು ಜಾಸ್ತಿ, ಕೆಲಸ ಶುದ್ಧ.

ಗಾಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದೆ. ಎಡಗಡೆ ಬಾಗಿಲಿಗೆ ಹೊಂದಿಕೊಂಡು ಕೆಲಸದ ಹಲಗೆ. ಗಾಡಿ ನಿಲ್ಲಿಸಿದಾಗ ಫುಟ್‌ಪಾತು ಎಡಕ್ಕೆ ಬರುತ್ತದಲ್ಲ, ಗಿರಾಕಿಗಳು ಅಲ್ಲೇ ನಿಂತು ಕೆಲಸ ನೋಡಬಹುದು. ಬಲಗಡೆ ಬಿಡಿಭಾಗಗಳ ಡ್ರಾಯರುಗಳು, ಕೆಳಗೆ ಬ್ಯಾಟರಿ. ನಡುವೆ ನಾನು, ತಿರುಗುವ ಸ್ಟೂಲಿನ ಮೇಲೆ.

"ಏನ್ ಬೇಕಾದ್ರೂ ಕೂರಿಸ್ಕೊಡ್ತೀನಿ ಅಣ್ಣ. ಎರಡೂ ಕಡೆ ತೂಕ ಮಾತ್ರ ಸಮ ಇರ್ಬೇಕು. ಇಲ್ಲಾಂದ್ರೆ ಗಾಡಿ ಒಂದ್ ಕಡೆಗೆ ಎಳೀತದೆ" ಎಂದ.

"ಅಷ್ಟೂ ಗೊತ್ತಿಲ್ವೇನೋ ನನಗೆ?" ಎಂದು ಒಂದೊಂದು ಸಾಮಾನನ್ನೂ ಕೈಯಲ್ಲಿ ತೂಗಿ, ಎಡಕ್ಕೆ ಇಷ್ಟು ಬಲಕ್ಕೆ ಇಷ್ಟು ಎಂದು ಪಾಲು ಮಾಡಿ ತೋರಿಸಿದೆ. ಕಿಟ್ಟಿ ಕೈ ಮುಗಿದ.

ಆಗಸ್ಟ್ 19, ಸೋಮವಾರ

ಅಂಗಡಿ ಹೋದ ದುಃಖ ಅರ್ಧ ಇಳಿದಿದೆ ಎಂದರೆ ಸುಳ್ಳಲ್ಲ. ಹಲಗೆ ಕೂತಿದೆ. ಯಂತ್ರದ ತಲೆಯನ್ನು ಮಲಗಿಸಿ ಕೆಳಗಿನ ಹೊಟ್ಟೆ ನೋಡಲು ಹಲಗೆಯ ನಡುವೆ ಚೌಕ ಕೊರೆಸಿದ್ದೇನೆ. ಸ್ಕ್ರೂಡ್ರೈವರುಗಳಿಗೆ ಎಡಗೋಡೆಯ ಮೇಲೆ ಉದ್ದದ ಮ್ಯಾಗ್ನೆಟ್ ಪಟ್ಟಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ. ಶಟಲ್, ಬಾಬಿನ್ ಕೇಸು, ಬಟ್ಟೆ ತಳ್ಳುವ ಹಲ್ಲು, ಸೂಜಿ ಎಲ್ಲಕ್ಕೂ ಬೇರೆ ಬೇರೆ ಡಬ್ಬಿ. ಕಣ್ಣು ಮುಚ್ಚಿ ಕೈ ಚಾಚಿದರೂ ಬೇಕಾದ್ದು ಸಿಗುತ್ತದೆ. ನಿಜವಾಗಿಯೂ ಕಣ್ಣು ಮುಚ್ಚಿ ನೋಡಿದೆ, ಸಿಕ್ಕಿತು.

ಜಯದೇವಿಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. "ಅಡುಗೆಮನೆ ಇಷ್ಟು ಚೆನ್ನಾಗಿ ಮಾಡ್ಕೊಟ್ಟಿಲ್ಲ ನೀವು ಯಾವತ್ತೂ" ಎಂದಳು. ಮೂವತ್ತು ವರ್ಷದಿಂದ ಮನೆಯ ಕಿಟಕಿಯ ಹತ್ತಿರ ಕೂತು ಸೀರೆಗೆ ಫಾಲ್ಸು, ಪಿಕೋ ಹಾಕುವವಳು ಅವಳು. ಅವಳ ಯಂತ್ರ ಮಾತ್ರ ನನ್ನ ಕೈಗೆ ಬರುವುದೇ ಇಲ್ಲ, ಅಷ್ಟು ಜತನವಾಗಿ ಇಟ್ಟುಕೊಂಡಿದ್ದಾಳೆ.

ಆಗಸ್ಟ್ 24, ಶನಿವಾರ

ಬೆಳಿಗ್ಗೆ ಜೋರು ತಲೆನೋವು. ಒಂದು ಗಳಿಗೆ ಕಣ್ಣ ಮುಂದೆ ಮಂಜು ಕವಿದ ಹಾಗಾಯಿತು. ಗ್ಯಾಸ್ಟ್ರಿಕ್ ಇರಬೇಕು. ಜಯದೇವಿ ಡಾಕ್ಟರು ಎಂದಳು. ಮಜ್ಜಿಗೆ ಕುಡಿದು ಮಲಗಿದೆ.

ಆಗಸ್ಟ್ 27, ಮಂಗಳವಾರ

ಮೂರು ದಿನ ಹಾಸಿಗೆಯಲ್ಲಿ ಬಿದ್ದಿದ್ದು ಸಾಕಾಯಿತು. ಮಧ್ಯಾಹ್ನ ಊಟಕ್ಕೆ ಕೂತೆ. ಮನೆಯೆಲ್ಲ ದಂಟಿನ ಸೊಪ್ಪಿನ ಪಲ್ಯದ ಘಮ. ತಟ್ಟೆಯಲ್ಲಿ ನೋಡಿದರೆ ಮುದ್ದೆ, ಸಾರು ಅಷ್ಟೇ.

"ಪಲ್ಯ ಯಾರಿಗೆ ಮಾಡಿದ್ದು, ಪಕ್ಕದ ಮನೆಯವರಿಗಾ?" ಎಂದು ಕೇಳಿದೆ.

ಜಯದೇವಿ ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು. ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಪಲ್ಯ ಅಲ್ಲಿತ್ತು. ಯಾವ ಮಾಯದಲ್ಲಿ ಬಡಿಸಿದಳೋ ಕಾಣೆ. ಮರೆತಿದ್ದನ್ನು ಒಪ್ಪಿಕೊಳ್ಳುವ ಹೆಂಗಸಲ್ಲ ಅವಳು.

ಸೆಪ್ಟೆಂಬರ್ 2, ಸೋಮವಾರ

ಕಿಟ್ಟಿಯ ಜೊತೆ ಜಗಳವಾಯಿತು. ಮ್ಯಾಗ್ನೆಟ್ ಪಟ್ಟಿಯಲ್ಲಿ ಸಣ್ಣ ಸ್ಕ್ರೂಡ್ರೈವರುಗಳು ಮಾಯ. ದೊಡ್ಡವು ಇವೆ, ಸಣ್ಣವಿಲ್ಲ. ಶೆಡ್ಡಿನಲ್ಲಿ ಹತ್ತಾರು ಜನ ಓಡಾಡುತ್ತಾರೆ, ಯಾರಾದರೂ ಎತ್ತಿರಬೇಕು ಎಂದೆ. ಕಿಟ್ಟಿಯ ಮುಖ ಸಣ್ಣಗಾಯಿತು.

"ಅಣ್ಣಾ, ಅಲ್ಲೇ ಅವೆ ನೋಡಿ" ಎಂದ.

ನೋಡಿದೆ. ಇದ್ದವು. ನಾನು ಆ ಕಡೆ ತಿರುಗಿದ್ದಾಗ ತಂದಿಟ್ಟನೋ ಏನೋ! ಆದರೆ ಕಿಟ್ಟಿ ಅಂಥವನಲ್ಲ. ಎಡಗೋಡೆಗೆ ಬೆಳಕು ಸಾಲದು, ಅದೇ ಕಾರಣ. ಒಂದು ಎಲ್‌ಇಡಿ ಹೆಚ್ಚಿಗೆ ಹಾಕು ಎಂದು ಹೇಳಿದೆ. ಹಾಕಿದ.

ಸೆಪ್ಟೆಂಬರ್ 7, ಶನಿವಾರ

ಗಣೇಶನ ಹಬ್ಬ. ಬಾಳೆಲೆ ಊಟ. ಎಲೆಯಲ್ಲಿ ಉಪ್ಪಿಲ್ಲ, ಉಪ್ಪಿನಕಾಯಿಯಿಲ್ಲ, ಕೋಸಂಬರಿಯೂ ಇಲ್ಲ. ಹಬ್ಬದ ದಿನ ಎಲೆಯ ತುದಿಗೆ ಉಪ್ಪು ಬಡಿಸದ ಮನೆ ಎಲ್ಲಾದರೂ ಉಂಟೇ? ಬಾಯಿ ತೆರೆಯುವಷ್ಟರಲ್ಲಿ ಜಯದೇವಿ ಬಂದು ನನ್ನ ಎಡಕ್ಕೆ ಕುಕ್ಕರಗಾಲಲ್ಲಿ ಕೂತು, ನನ್ನ ಗಲ್ಲ ಹಿಡಿದು ಮುಖವನ್ನು ಅತ್ತ ತಿರುಗಿಸಿದಳು. ಉಪ್ಪು, ಉಪ್ಪಿನಕಾಯಿ, ಎರಡು ಥರ ಕೋಸಂಬರಿ, ಚಟ್ನಿ. ಎಲ್ಲ ಇದ್ದವು.

"ಕಣ್ಣು ತೋರಿಸ್ಕೊಂಡ್ ಬರೋಣ ಬನ್ನಿ" ಎಂದಳು.

"ಹಬ್ಬದ ದಿನ ಕಣ್ಣಿನ ಮಾತು ಬೇಡ" ಎಂದೆ. ಅವಳ ಕೈ ತಣ್ಣಗಿತ್ತು.

ಸೆಪ್ಟೆಂಬರ್ 10, ಮಂಗಳವಾರ

ಅವಳ ಕಾಟ ತಡೆಯಲಾರದೆ ವಿಜಯನಗರದ ಕನ್ನಡಕದ ಅಂಗಡಿಗೆ ಹೋದೆ. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿದೆ. ನಡುನಡುವೆ ಸಾಲಿನ ಮೊದಲ ಅಕ್ಷರ ಬಿಟ್ಟಿರಿ ಎಂದ ಅಲ್ಲಿನವನು. ಅವಸರದಲ್ಲಿ ಬಿಟ್ಟಿರಬೇಕು. ಓದುವ ಕನ್ನಡಕದ ನಂಬರು ಸ್ವಲ್ಪ ಬದಲಾಗಿದೆಯಂತೆ, ಅಷ್ಟೇ. ಹೊಸ ಕನ್ನಡಕ ಹಾಕಿಕೊಂಡು ಬಂದು ಜಯದೇವಿಯ ಮುಂದೆ ನಿಂತೆ, ಈಗ ಸಮಾಧಾನವೇ ಎಂದೆ. ಅವಳಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ.

"ಕನ್ನಡಕದ ಅಂಗಡಿ ಬೇರೆ, ಡಾಕ್ಟ್ರು ಬೇರೆ ಕಣ್ರೀ" ಎಂದಳು.

ಸೆಪ್ಟೆಂಬರ್ 16, ಸೋಮವಾರ

ಕೆಲಸ ಶುರು. ಗಾಡಿಯ ಎರಡೂ ಬದಿಗೆ 'ಲಿಂಗಪ್ಪ, ಹೊಲಿಗೆ ಯಂತ್ರ ರಿಪೇರಿ, ನಿಮ್ಮ ಮನೆ ಬಾಗಿಲಿಗೆ' ಎಂದು ಬರೆಸಿದ್ದೇನೆ. ಮೊದಲ ಬಾಗಿಲು ಲಗ್ಗೆರೆಯ ಅಂಜನಮ್ಮನವರದು. ಮನೆಯಲ್ಲೇ ಲಂಗ, ನೈಟಿ ಹೊಲಿದು ಅಂಗಡಿಗಳಿಗೆ ಹಾಕುವವರು, ಹದಿನೈದು ವರ್ಷದ ಗಿರಾಕಿ. ದಾರ ಕಿತ್ತು ಕಿತ್ತು ಹೋಗುತ್ತಿತ್ತು. ಶಟಲಿನ ಮೂತಿ ಸವೆದಿತ್ತು, ಬದಲಾಯಿಸಿ ಸೂಜಿಗೂ ಅದಕ್ಕೂ ಇರಬೇಕಾದ ಸಂದು ಕೂರಿಸಿದೆ. ಬಟ್ಟೆಯ ಮೇಲೆ ಹೊಲಿಗೆ ಗೆರೆ ಎಳೆದ ಹಾಗೆ ಹೋಯಿತು. ಕೈ ಮರೆತಿಲ್ಲ. ಅಂಜನಮ್ಮ ಕಾಫಿ ಕೊಟ್ಟರು.

ವಾಪಸು ಬರುವಾಗ ಆ ಇಕ್ಕಟ್ಟಿನ ರಸ್ತೆಯಲ್ಲಿ ಯಾರೋ ನಿಲ್ಲಿಸಿದ್ದ ತಳ್ಳುಗಾಡಿಗೆ ಎಡಗಡೆ ಕನ್ನಡಿ ತಗುಲಿ ಮುರಿಯಿತು. ರಸ್ತೆಯಲ್ಲಿ ತಳ್ಳುಗಾಡಿ ನಿಲ್ಲಿಸುತ್ತಾರೆ, ಹೇಳುವವರು ಕೇಳುವವರು ಇಲ್ಲ. ಬಾಗಿಲ ಮೇಲೂ ಉದ್ದಕ್ಕೆ ಗೀಚಿದೆ. 'ಲಿಂಗಪ್ಪ' ಎಂಬ ಹೊಸ ಅಕ್ಷರದ ಮೇಲೆಯೇ.

ಸೆಪ್ಟೆಂಬರ್ 23, ಸೋಮವಾರ

ಜಯದೇವಿಗೆ ಹೊಸ ಹುಚ್ಚು. ಬೆಳಿಗ್ಗೆ ಆರಕ್ಕೇ ವಾಕಿಂಗ್ ಎಂದು ಹೊರಡುತ್ತಾಳೆ, ಏಳೂವರೆಗೆ ಬೆವರುತ್ತ ಬರುತ್ತಾಳೆ. ನನಗೆ ಕಾಫಿ ತಡ. ಇದ್ದಕ್ಕಿದ್ದಂತೆ ಮೈ ಇಳಿಸುವ ಯೋಚನೆ ಯಾಕೆ ಬಂತೋ!

ಇನ್ನೊಂದು ಹುಚ್ಚೆಂದರೆ ದಿನಾ ನನ್ನ ಜೊತೆ ವ್ಯಾನಿನಲ್ಲಿ ಬರುವುದು. ಮನೆಯಲ್ಲಿ ಫಾಲ್ಸಿನ ಸೀರೆಗಳು ರಾಶಿ ಬಿದ್ದಿವೆ, "ಇರ್ಲಿ ಬಿಡಿ, ಊರು ನೋಡ್ತೀನಿ" ಎನ್ನುತ್ತಾಳೆ. ಅನ್ನಪೂರ್ಣೇಶ್ವರಿ ನಗರದಲ್ಲಿ ಊರು ನೋಡುವುದು ಏನಿದೆ? ಎಡಗಡೆ ಸೀಟಿನಲ್ಲಿ ಕೂತವಳು ಸುಮ್ಮನಿರುವುದಿಲ್ಲ. "ಸ್ಕೂಟರ್ ಬಂತು... ಹಸು ಮಲಗಿದೆ... ಆ ಅಜ್ಜಿ ದಾಟ್ತಾರೆ, ನಿಲ್ಸಿ..." ಮೂವತ್ತು ವರ್ಷ ಸ್ಕೂಟರಿನ ಹಿಂದೆ ಮೂಟೆಯ ಹಾಗೆ ಸುಮ್ಮನೆ ಕೂತಿದ್ದವಳು ಈಗ ಕ್ರಿಕೆಟ್ ಕಾಮೆಂಟರಿ ಹೇಳುತ್ತಾಳೆ.

"ನನಗೆ ಕಣ್ಣಿಲ್ವೇನೇ?" ಎಂದು ರೇಗಿದೆ.

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಎಡಕ್ಕೆ ಗುಂಡಿ" ಎಂದಳು.

ಸೆಪ್ಟೆಂಬರ್ 29, ಭಾನುವಾರ

ಇಡೀ ದಿನ ವ್ಯಾನಿನ ಒಳಗೇ ಇದ್ದೆ. ಎಡಗೋಡೆಯ ಮೇಲೆ ಇಟ್ಟಿದ್ದು ಒಂದೂ ಸಮಯಕ್ಕೆ ಸಿಗುವುದಿಲ್ಲ. ಮೂರು ಬಲ್ಬು ಹಾಕಿಸಿದರೂ ಅಷ್ಟೇ. ಗಿರಾಕಿಗಳ ಮುಂದೆ ತಡಕಾಡುವುದು ಅವಮಾನ. ಮ್ಯಾಗ್ನೆಟ್ ಪಟ್ಟಿ ಬಿಚ್ಚಿ ಬಲಗೋಡೆಗೆ ಹಾಕಿದೆ. ಎಣ್ಣೆ ಡಬ್ಬಿ, ಸೂಜಿ ಪೆಟ್ಟಿಗೆ, ಸುತ್ತಿಗೆ, ಬೆಲ್ಟುಗಳು ಎಲ್ಲ ಬಲಕ್ಕೆ. ಕೊನೆಗೆ ಹಲಗೆಯನ್ನೇ ಬಿಚ್ಚಿ ಬಲಗಡೆ ಬಾಗಿಲಿಗೆ ಕೂರಿಸಿದೆ. ಬೋಲ್ಟುಗಳಲ್ಲಿ ಎರಡು ಬಿದ್ದು ಎಲ್ಲೋ ಹೋದವು. ಜಯದೇವಿ ನನ್ನ ಎಡಗಾಲ ಪಕ್ಕದಿಂದ ಎತ್ತಿಕೊಟ್ಟಳು.

ಈಗ ಎಲ್ಲ ಕಣ್ಣಿಗೆ ಬೀಳುತ್ತದೆ. ಮೊದಲೇ ಹೀಗೆ ಮಾಡಿಸಬೇಕಿತ್ತು.

ಬರೆಯುತ್ತಿರುವಾಗ ಅವಳು ಹಿಂದೆ ಬಂದು ನಿಂತಳು. "ಯಾಕ್ರೀ ಪುಟದ ಮಧ್ಯದಿಂದ ಬರೀತೀರಾ?" ಎಂದಳು. ಮಾರ್ಜಿನ್ ಎಂದರೇನು ಎಂದು ಓದಿದವರಿಗೆ ಗೊತ್ತಿರುತ್ತದೆ ಎಂದೆ.

ಅಕ್ಟೋಬರ್ 4, ಶುಕ್ರವಾರ

ಗಾಡಿ ಬಲಕ್ಕೆ ಎಳೆಯುತ್ತಿದೆ. ಕಿಟ್ಟಿಯ ಹತ್ತಿರ ಹೋದೆ. ಅವನು ಗಾಡಿಯ ಹಿಂದೆ ನಿಂತು ಸೊಂಟಕ್ಕೆ ಕೈ ಕೊಟ್ಟು ನೋಡಿದ.

"ಏನಣ್ಣ ಇದು, ಬಲಗಡೆ ಕೂತ್ಕೊಂಡ್ ಬಿಟ್ಟಿದೆ ಗಾಡಿ! ಎಲ್ಲಾನೂ ಒಂದೇ ಕಡೆ ತುಂಬಿದ್ದೀರಲ್ಲ. ತೂಕ ತೂಗಿ ತೂಗಿ ಹೇಳ್ದೋರು ನೀವೇ ಅಲ್ವಾ?"

"ನನಗೆ ಹೀಗೇ ಅನುಕೂಲ."

"ಹಲಗೆ ರೋಡ್ ಕಡೆ ಇದ್ರೆ ಗಿರಾಕಿ ಎಲ್ಲಿ ನಿಲ್ಬೇಕು? ಲಾರಿ ಕೆಳಗಾ?"

ಅಂಜನಮ್ಮನೂ ಮೊನ್ನೆ ಇದೇ ಮಾತು ಆಡಿದ್ದರು. ಅವರಿಗೆ ಹೇಳಲಾಗದ್ದನ್ನು ಕಿಟ್ಟಿಗೆ ಹೇಳಿದೆ. ನಿನ್ನ ಕೆಲಸ ನೀನು ನೋಡು, ಸ್ಪ್ರಿಂಗ್ ಪಟ್ಟಿ ಗಟ್ಟಿ ಮಾಡು, ಉಳಿದದ್ದು ಬೇಡ ಎಂದೆ. ಕಿಟ್ಟಿ ಜಯದೇವಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು. ಇಬ್ಬರೂ ನನ್ನ ಬೆನ್ನ ಹಿಂದೆ ಏನೋ ಮಾತಾಡಿಕೊಂಡಿದ್ದಾರೆ. ಎಲ್ಲರಿಗೂ ನಾನು ಮುದುಕನಾದೆ ಎಂಬ ಲೆಕ್ಕ.

ಅಕ್ಟೋಬರ್ 11, ಶುಕ್ರವಾರ

ಆಯುಧಪೂಜೆ. ಸ್ಕ್ರೂಡ್ರೈವರಿನಿಂದ ಹಿಡಿದು ಸೂಜಿಯವರೆಗೆ ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ಕಿಟ್ಟಿಯೂ ಬಂದಿದ್ದ. ಮುನಿಸು ಇಟ್ಟುಕೊಳ್ಳುವವನಲ್ಲ. ಬೂದುಗುಂಬಳ ಒಡೆದದ್ದಾಯಿತು. ಗಾಡಿಯ ಮುಂದೆ ನಿಂತು ನೋಡಿದೆ, ಒಂದೇ ಒಂದು ಚಕ್ರದ ಕೆಳಗೆ ನಿಂಬೆಹಣ್ಣು.

"ಮುಂದಿನ ಎರಡು ಚಕ್ರಕ್ಕೆ ಒಂದೇ ಹಣ್ಣಾ? ಜಿಪುಣತನಕ್ಕೂ ಮಿತಿ ಬೇಡ್ವಾ?" ಎಂದೆ.

ಯಾರೂ ನಗಲಿಲ್ಲ. ಕಿಟ್ಟಿ ಬರಿಗೈಯಲ್ಲಿ ಗಾಡಿಯ ಆ ಬದಿಗೆ ಹೋಗಿ ಬಗ್ಗಿ ನೋಡಿ, ಎದ್ದು, ಮುಖ ಒರೆಸಿಕೊಂಡ. ಗಾಡಿ ಮುಂದಕ್ಕೆ ಬಿಟ್ಟಾಗ ಎರಡು ಹಣ್ಣು ಒಡೆದ ಸದ್ದು ಕೇಳಿಸಿತು. ಎರಡು. ಕಿವಿ ಇನ್ನೂ ಚೆನ್ನಾಗಿದೆ ನನಗೆ.

ಆ ಸದ್ದು ಸಂಜೆಯವರೆಗೆ ಮನಸ್ಸಿನಿಂದ ಹೋಗಲಿಲ್ಲ.

ಅಕ್ಟೋಬರ್ 14, ಸೋಮವಾರ

ಬರೆಯಲಾರೆ.

ಅಕ್ಟೋಬರ್ 15, ಮಂಗಳವಾರ

ನಿನ್ನೆ ಲಗ್ಗೆರೆಯಲ್ಲಿ ಹೊಸ ಗಿರಾಕಿಯ ಮನೆ ಹುಡುಕುತ್ತಿದ್ದೆವು. ಚೀಟಿಯಲ್ಲಿದ್ದ ನಂಬರಿಗೆ ಫೋನು ಮಾಡಿದರೆ ಹೋಗುತ್ತಿಲ್ಲ. ಮೊದಲ ಎರಡು ಅಂಕಿ ಬಿಟ್ಟು ಒತ್ತುತ್ತಿದ್ದೀರಿ ಎಂದು ಜಯದೇವಿ ಹೇಳಿದಳು. "ಇರಿ, ನಾನೇ ಕೇಳ್ಕೊಂಡ್ ಬರ್ತೀನಿ" ಎಂದು ಇಳಿದು ಅಂಗಡಿಯವನನ್ನು ವಿಚಾರಿಸಿದಳು. ಹಿಂದೆ ಬಸ್ಸಿನವನು ಹಾರನ್ ಹೊಡೆಯುತ್ತಿದ್ದ. ಪಕ್ಕದ ಸೀಟಿನ ಕಡೆ ಕಣ್ಣು ಹಾಯಿಸಿದೆ, ಅವಳು ಬಂದು ಕೂತಿದ್ದಾಳೆ ಎಂದುಕೊಂಡೆ. ಏನು ನೋಡಿ ಹಾಗೆ ಅಂದುಕೊಂಡೆನೋ ದೇವರಿಗೇ ಗೊತ್ತು. ಗಾಡಿ ಬಿಟ್ಟೆ.

ಅವಳು ಬಾಗಿಲ ಹಿಡಿಯ ಮೇಲೆ ಕೈ ಇಟ್ಟು ಒಂದು ಕಾಲು ಒಳಗೆ ಇಡುತ್ತಿದ್ದಳು.

ಜನ ಕೂಗಿದಾಗ ನಿಲ್ಲಿಸಿದೆ. ಹತ್ತು ಹೆಜ್ಜೆ ಎಳೆದುಕೊಂಡು ಹೋಗಿದ್ದೆ. ಇಳಿದು ಸುತ್ತಿ ಬಂದರೆ ರಸ್ತೆಯಲ್ಲಿ ಕೂತಿದ್ದಳು. ಮೊಣಕೈ, ಮಂಡಿ ಕಿತ್ತು ರಕ್ತ, ಸೀರೆ ಹರಿದಿತ್ತು. ಯಾರೋ ನೀರು ಕೊಟ್ಟರು. ಒಬ್ಬಾಕೆ ನನಗೆ ಬಾಯಿಗೆ ಬಂದ ಹಾಗೆ ಬೈದಳು. ಬೈಯಲಿ. ಇನ್ನೂ ಬೈಯಬೇಕಿತ್ತು.

ಜಯದೇವಿ ಮಾತ್ರ ಬೈಯಲಿಲ್ಲ. "ಇಲ್ಲೇ ಇದ್ದೆ ಕಣ್ರೀ ನಾನು. ಇಲ್ಲೇ ಇದ್ದೆ" ಎಂದಳು. ಮತ್ತೆ ಮತ್ತೆ ಅದನ್ನೇ ಹೇಳಿದಳು.

ಗಾಡಿ ಅಲ್ಲೇ ಬಿಟ್ಟು ಆಟೋದಲ್ಲಿ ಬಂದೆವು. ಮೂಳೆ ಮುರಿದಿಲ್ಲ. ನಾನು ಈಗ ಕೂತು ಯೋಚಿಸುತ್ತಿದ್ದೇನೆ. ಅವಳ ಜಾಗದಲ್ಲಿ ಶಾಲೆಯ ಮಗುವೊಂದು ಇದ್ದಿದ್ದರೆ? ಅಕ್ಷರ ನಿಜವಾಗಿಯೂ ಕೋಳಿ ಕೆದಕಿದ ಹಾಗೆ ಬರುತ್ತಿದೆ.

ಅಕ್ಟೋಬರ್ 18, ಶುಕ್ರವಾರ

ಈ ಸಲ ಕನ್ನಡಕದ ಅಂಗಡಿಯಲ್ಲ, ದೊಡ್ಡ ಆಸ್ಪತ್ರೆ. ಡಾಕ್ಟರು ನನಗೆ ಮಗಳಾಗುವಷ್ಟು ವಯಸ್ಸಿನವರು. ಎದುರು ಕೂತು ಎರಡೂ ಕೈ ಅಗಲ ಮಾಡಿ, "ನನ್ನ ಮೂಗನ್ನೇ ನೋಡ್ತಾ ಇರಿ ಸಾರ್. ಯಾವ ಕೈ ಬೆರಳು ಆಡಿಸ್ತೀನಿ ಹೇಳಿ" ಎಂದರು. ಬಲಗಡೆಯದನ್ನು ಪ್ರತಿ ಸಲವೂ ಹೇಳಿದೆ.

"ಆ ಕಡೆ ಕೈ ನೀವು ಆಡಿಸ್ಲೇ ಇಲ್ವಲ್ಲ ಮೇಡಂ" ಎಂದೆ.

ಹಿಂದೆ ಜಯದೇವಿ ಬಿಕ್ಕಿದ್ದು ಕೇಳಿಸಿತು. ಆ ಕೈ ಇಷ್ಟು ಹೊತ್ತೂ ಆಡುತ್ತಲೇ ಇತ್ತಂತೆ.

ಆಮೇಲೆ ಅವಳು ಚೀಲದಿಂದ ಈ ನೋಟ್‌ಬುಕ್ಕು ತೆಗೆದಳು. "ಏನ್ ಬರ್ದಿದಾರೆ ಅಂತ ನಾನು ಓದಿಲ್ಲ ಡಾಕ್ಟ್ರೇ. ಎಲ್ಲಿಂದ ಬರ್ದಿದಾರೆ ಅದನ್ನ ನೋಡಿ" ಎಂದಳು. ಡಾಕ್ಟರು ಪುಟ ತಿರುಗಿಸುತ್ತ ಹೋದರು. ನಾನೂ ತಲೆ ತಿರುಗಿಸಿ ನೋಡಿದೆ. ಆಗಸ್ಟ್ ಹತ್ತೊಂಬತ್ತರವರೆಗೆ ಸಾಲುಗಳು ಹಾಳೆಯ ಅಂಚಿನಿಂದ ಶುರುವಾಗಿವೆ. ಇಪ್ಪತ್ತನಾಲ್ಕರಿಂದ ಎಲ್ಲ ನಡುವಿನಿಂದ. ಪುಟ ಪುಟಕ್ಕೂ ಎಡಭಾಗ ಖಾಲಿ. ಇಷ್ಟು ದಿನ ಬರೆದವನು ನಾನೇ, ನನಗೇ ಕಂಡಿಲ್ಲ.

ಕಣ್ಣಿನಲ್ಲಿ ದೋಷವಿಲ್ಲವಂತೆ. ಆ ಶನಿವಾರ ಮಿದುಳಿನ ಹಿಂಭಾಗಕ್ಕೆ ಹೋಗುವ ರಕ್ತ ಒಂದು ಕಡೆ ನಿಂತು, ಎಡಗಡೆಯದನ್ನು ನೋಡುವ ಭಾಗ ಸತ್ತಿದೆ. ಕತ್ತಲೆ ಇದ್ದರೆ ಗೊತ್ತಾಗುತ್ತಿತ್ತು. ಇದು ಕತ್ತಲೆಯೂ ಅಲ್ಲ, ಅಲ್ಲಿ ಏನೂ ಇಲ್ಲ ಎಂದೇ ಮಿದುಳು ತಿಳಿದುಕೊಳ್ಳುತ್ತದಂತೆ. ಅವತ್ತೇ ಬಂದಿದ್ದರೆ ಎಂದು ಕೇಳಿದೆ. ಡಾಕ್ಟರು ನೋಟ್‌ಬುಕ್ಕು ಮುಚ್ಚಿ ನನ್ನ ಕಡೆ ಸರಿಸಿದರು. ಮಜ್ಜಿಗೆ ಕುಡಿದು ಮಲಗಿದ್ದೆ ನಾನು.

ಮಾತ್ರೆ ಕೊಟ್ಟಿದ್ದಾರೆ. "ತಲೆ ತಿರುಗಿಸಿ ತಿರುಗಿಸಿ ನೋಡೋ ಅಭ್ಯಾಸ ಮಾಡ್ಕೊಳ್ಳಿ, ಕೆಲ್ಸ ಮಾಡಬಹುದು. ಗಾಡಿ ಮಾತ್ರ ಮುಟ್ಟೋ ಹಾಗಿಲ್ಲ" ಎಂದರು.

ಗಾಡಿ ಇಲ್ಲದೆ ಕೆಲಸ ಎಲ್ಲಿದೆ ಅಮ್ಮಾ?

ಅಕ್ಟೋಬರ್ 30, ಬುಧವಾರ

ನಾಳೆ ದೀಪಾವಳಿಯಂತೆ. ಕಿಟ್ಟಿ ವ್ಯಾನು ತಂದು ಮನೆ ಮುಂದೆ ನಿಲ್ಲಿಸಿ ಹೋಗಿದ್ದಾನೆ. ಅದರ ಮೇಲೆ ಹೊಂಗೆ ಎಲೆ ಬಿದ್ದಿದೆ. ಅಂಜನಮ್ಮ ಎರಡು ಸಲ ಫೋನು ಮಾಡಿದರು, ಹಬ್ಬದ ಕೆಲಸ ನಿಂತಿದೆಯಂತೆ. ಎತ್ತಲಿಲ್ಲ.

ನವೆಂಬರ್ 6, ಬುಧವಾರ

ವ್ಯಾನು ಮಾರಿಬಿಡು ಎಂದು ಕಿಟ್ಟಿಗೆ ಹೇಳಿದ್ದೆ. ಇವತ್ತು ತರಕಾರಿಯವರೊಬ್ಬರನ್ನು ಕರೆದುಕೊಂಡು ಬಂದ. ಅವರು ಗಾಡಿಯೊಳಗೆ ಇಣುಕಿ, ಈ ಹಲಗೆ ಗಿಲಗೆ ಎಲ್ಲ ಕಿತ್ತು ಕೊಡಬೇಕು ಎಂದರು. ಆಗಲಿ ಎಂದೆ.

ಜಯದೇವಿ ಒಳಗಿನಿಂದ ಬಂದಳು. ಮಂಡಿ ಇನ್ನೂ ಕುಂಟುತ್ತಿದೆ. "ಗಾಡಿ ಕೊಡಲ್ಲ. ಬೇಜಾರ್ ಮಾಡ್ಕೋಬೇಡಿ ಅಣ್ಣ, ಹೋಗ್ಬನ್ನಿ" ಎಂದು ಅವರನ್ನು ಕಳಿಸಿಯೇ ಬಿಟ್ಟಳು.

"ಇಟ್ಕೊಂಡು ಏನ್ ಮಾಡ್ತೀಯೇ? ಪೂಜೆ ಮಾಡ್ತೀಯಾ?"

ಅವಳು ಒಂದು ಕಾಗದ ತಂದು ನನ್ನ ಬಲಗೈಗೆ ಕೊಟ್ಟಳು. ಅವಳ ಫೋಟೋ, ಅವಳ ಹೆಸರು. ಗಾಡಿ ಕಲಿಯುವವರಿಗೆ ಕೊಡುವ ಲೈಸೆನ್ಸು, ಸೆಪ್ಟೆಂಬರಿನದು. ವಾಕಿಂಗೂ ಇಲ್ಲ, ಮೈ ಇಳಿಸುವುದೂ ಇಲ್ಲ. ಬಸವೇಶ್ವರನಗರದ ಡ್ರೈವಿಂಗ್ ಸ್ಕೂಲಿಗೆ ಹೋಗಿ ಎಲ್ ಬೋರ್ಡಿನ ಕಾರು ಓಡಿಸುತ್ತಿದ್ದಳು. ಐವತ್ತಮೂರು ವರ್ಷದ ಹೆಂಗಸು.

ನನಗೆ ಮೊದಲು ಬಂದದ್ದು ಸಿಟ್ಟು, ಸುಳ್ಳು ಬರೆಯುವುದಿಲ್ಲ. "ಸೆಪ್ಟೆಂಬರಲ್ಲೇ ತೀರ್ಮಾನ ಮಾಡ್ಬಿಟ್ಟಿದ್ದೆ ಅನ್ನು. ಲಿಂಗಪ್ಪನ ಕಥೆ ಮುಗೀತು ಅಂತ!"

"ಪಲ್ಯ ಕಾಣ್ಲಿಲ್ವಲ್ಲ ನಿಮ್ಗೆ, ಅವತ್ತೇ ಕೈಕಾಲು ತಣ್ಣಗಾಯ್ತು ನಂಗೆ" ಎಂದಳು. ಅವಳ ದನಿ ಏರಿತ್ತು. ಮದುವೆಯಾದ ಮೇಲೆ ಅವಳು ಹೀಗೆ ಮಾತಾಡಿದ್ದು ಇದೇ ಮೊದಲು. "ಡಾಕ್ಟ್ರು ಅಂದ್ರೆ ಕನ್ನಡಕ ತಂದ್ರಿ. ಓಡಿಸ್ಬೇಡಿ ಅಂದಿದ್ರೆ ನಿಲ್ಲಿಸ್ತಿದ್ರಾ? ನಾನು ಪಕ್ಕದಲ್ಲಿ ಕೂತು ಕೂಗ್ತಿದ್ದಿದ್ದು ಊರು ನೋಡೋಕಾ? ದಿನಾ ಜೀವ ಕೈಯಲ್ಲಿ ಹಿಡ್ಕೊಂಡು ಕೂರ್ತಿದ್ದೆ. ಅಷ್ಟ್ರೊಳಗೆ ಕಲ್ತುಬಿಡೋಣ ಅಂತ ಓಡಿದೆ. ಕಲಿಯೋದು ತಡ ಆಯ್ತು ನಂದೇ. ಕ್ಲಚ್ಚು ಬರ್ಲಿಲ್ಲ ಬೇಗ."

ಕೊನೆಯ ಮಾತಿಗೆ ಅಳುತ್ತಿದ್ದಳು. ಕ್ಲಚ್ಚು ಬೇಗ ಬರಲಿಲ್ಲವೆಂದು ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದಳು! ನಾನು ಎಳೆದುಕೊಂಡು ಹೋದವನು.

ನಾನೂ ಅತ್ತೆ. ಕಿಟ್ಟಿ ಗೇಟಿನ ಹತ್ತಿರ ನಿಂತು ಆಕಾಶ ನೋಡುತ್ತಿದ್ದ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಬರುವ ಮೊದಲೇ ತಟ್ಟೆಯನ್ನು ನಾನೇ ತಿರುಗಿಸಿದೆ. ಹುರುಳಿಕಾಯಿ ಪಲ್ಯ.

ನವೆಂಬರ್ 25, ಸೋಮವಾರ

ಹೇರೋಹಳ್ಳಿಯ ಶೆಡ್ಡಿನಲ್ಲಿ ಮೂರು ದಿನದ ಕೆಲಸ. ನನ್ನ ಹಲಗೆ, ನನ್ನ ಸಾಮಾನು ಬಲಗಡೆಯೇ ಇರಲಿ ಎಂದು ಕಿಟ್ಟಿಗೆ ಹೇಳಿದೆ. ನಾಚಿಕೆಯಿಂದ ಹೇಳಲಿಲ್ಲ, ಕಾರಣ ಕೊಟ್ಟು ಹೇಳಿದೆ.

"ಹಂಗಾದ್ರೆ ಎಡಗಡೆ ತೂಕಕ್ಕೆ ಏನ್ ಇಡೋದಣ್ಣ? ಕಲ್ಲಾ?"

ಬ್ಯಾಟರಿಯನ್ನು ಎಡಕ್ಕೆ ಸಾಗಿಸಿದೆವು. ಸಾಲದು. ಹಳೇ ಯಂತ್ರದ ತಲೆ ಎರಡು ಇಟ್ಟೆವು. ಸಾಲದು. ಜಯದೇವಿ ನೋಡುತ್ತ ನಿಂತಿದ್ದವಳು, "ನನ್ ಪಿಕೋ ಯಂತ್ರ ಇಡಿ" ಎಂದಳು.

ಅವಳ ಯಂತ್ರ, ಮೋಟಾರು, ಕಬ್ಬಿಣದ ಕಾಲು ಸಮೇತ ಎಡಗಡೆ ಬಾಗಿಲ ಹತ್ತಿರ ಬೋಲ್ಟು ಹಾಕಿ ಕೂರಿಸಿದ್ದಾಯಿತು. ಫುಟ್‌ಪಾತಿನ ಕಡೆ ಅವಳು, ಗಿರಾಕಿಗಳನ್ನು ಮಾತಾಡಿಸುವುದು ಅವಳೇ. ಕಿಟ್ಟಿ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದ. "ಈಗ ನೆಟ್ಟಗೆ ನಿಂತ್ಕೊಳ್ತು ನೋಡಿ" ಎಂದ.

ನನಗೆ ಹಿಂದಿನ ಬಂಪರಿನ ಒಂದು ತುದಿ ಕಂಡಿತು. ತಲೆ ತಿರುಗಿಸಿದೆ. ಇನ್ನೊಂದು ತುದಿಯೂ ಕಂಡಿತು. ಸಮ ಇತ್ತು.

ಡಿಸೆಂಬರ್ 2, ಸೋಮವಾರ

ಜಯದೇವಿಯ ಪೂರ್ತಿ ಲೈಸೆನ್ಸು ಶನಿವಾರ ಅಂಚೆಯಲ್ಲಿ ಬಂತು. ಇವತ್ತು ಲಗ್ಗೆರೆಗೆ, ಅಂಜನಮ್ಮನ ಯಂತ್ರಕ್ಕೆ.

ಸ್ಟೀರಿಂಗಿಗೆ ಕೈ ಮುಗಿದು ಕೂತಳು. ನಾನು ಸುತ್ತಿ ಬಂದು ಎಡಗಡೆ ಬಾಗಿಲು ತೆಗೆದೆ. ಈ ಬಾಗಿಲ ಹಿಡಿಯ ಮೇಲೆ ಅವತ್ತು ಅವಳ ಕೈ ಇತ್ತು. ಸ್ವಲ್ಪ ಹೊತ್ತು ಹಾಗೇ ನಿಂತುಬಿಟ್ಟೆ. "ಹತ್ತಿ, ನೀವು ಕೂತ್ಮೇಲೇ ಬಿಡೋದು ನಾನು" ಎಂದಳು. ಆ ಮಾತು ಹೇಳುವ ಹಕ್ಕು ಅವಳಿಗಿತ್ತು.

ಮೊದಲ ಸಿಗ್ನಲಿನಲ್ಲಿ ಗಾಡಿ ಎರಡು ಸಲ ಆಫ್ ಆಯಿತು. ಹಿಂದಿನವರು ಹಾರನ್ ಹೊಡೆದರು. "ಕ್ಲಚ್ಚು, ಕ್ಲಚ್ಚು" ಎಂದೆ. "ಗೊತ್ತು, ಸುಮ್ನಿರಿ" ಎಂದಳು. ರಿಂಗ್ ರೋಡಿಗೆ ಬರುವಷ್ಟರಲ್ಲಿ ಹಿಡಿತ ಸಿಕ್ಕಿತು. ನನ್ನ ಎಡಕ್ಕೆ ಏನು ಬಂತೋ ಏನು ಹೋಯಿತೋ ನನಗೆ ತಿಳಿಯದು, ತಿಳಿಯಬೇಕಾಗಿಯೂ ಇರಲಿಲ್ಲ.

ಅವಳು ನನ್ನ ಬಲಕ್ಕೆ ಕೂತಿದ್ದಳು. ಸ್ಕೂಟರಿನಲ್ಲಿ ಮೂವತ್ತು ವರ್ಷ ನನ್ನ ಬೆನ್ನ ಹಿಂದೆ, ವ್ಯಾನಿನಲ್ಲಿ ಎಡಕ್ಕೆ. ದಾರಿಯಲ್ಲಿ ಅವಳ ಮುಖ ಹೇಗಿರುತ್ತದೆ ಎಂದು ನಾನು ಇವತ್ತಿನವರೆಗೆ ನೋಡಿದ್ದೇ ಇಲ್ಲ. ಗೇರು ಬದಲಾಯಿಸುವಾಗ ಕೆಳತುಟಿ ಕಚ್ಚುತ್ತಾಳೆ. ಕಿವಿಯ ಮುಂದೆ ಒಂದು ಎಳೆ ನರೆ, ಬೆವರಿಗೆ ಅಂಟಿಕೊಂಡಿತ್ತು. ಮೊಣಕೈಯ ಮೇಲೆ ಗಾಯದ ಕಪ್ಪು ಗುರುತು. ಎಲ್ಲ ಕಾಣುತ್ತಿತ್ತು, ಒಂದೂ ತಪ್ಪದೆ.

"ಯಾಕ್ರೀ ಹಂಗ್ ನೋಡ್ತೀರಾ? ರೋಡ್ ನೋಡಿ" ಎಂದಳು.

"ರೋಡ್ ನೀನ್ ನೋಡು ಕಣೇ" ಎಂದೆ.